ಸೇವೆಯ ಹೆಸರಲ್ಲಿ ಸಂಬಳಕ್ಕೆ ಕತ್ತರಿ

ಒಂದು ಆಸ್ಪತ್ರೆಯನ್ನು ಇನ್ನೊಂದರೊಂದಿಗೆ ಹೋಲಿಸಿ ನೋಡುವುದು ನಮ್ಮ ಪಟ್ಟಣಗಳ ಕುಟುಂಬಗಳಿಗೆ ಹೊಸತೇನಲ್ಲ. ಎಲ್ಲಿ ಒಳ್ಳೆಯ ಹೃದ್ರೋಗ ತಜ್ಞರಿದ್ದಾರೆ, ಎಲ್ಲಿ ಹೆರಿಗೆಯ ಖರ್ಚು ಕಡಿಮೆ, ಎಲ್ಲಿ ಆರೋಗ್ಯ ವಿಮೆಯ ಕಾರ್ಡು ಸ್ವೀಕರಿಸುತ್ತಾರೆ ಎಂಬೆಲ್ಲ ವಿವರಗಳು ನಮಗೆ ಬಾಯಿಪಾಠ. ಆದರೆ ನಡುರಾತ್ರಿ ಎರಡು ಗಂಟೆಗೆ ನಮ್ಮ ತಂದೆಯ ಕೈಗೆ ಡ್ರಿಪ್ ಹಾಕುವ ಹೆಣ್ಣು ಮಗಳಿಗೆ ಆ ಆಸ್ಪತ್ರೆ ತಿಂಗಳಿಗೆ ಎಷ್ಟು ಸಂಬಳ ಕೊಡುತ್ತದೆ? ಆ ರಾತ್ರಿ ಅವಳ ಪಾಲಿಗೆ ಎಷ್ಟು ರೋಗಿಗಳಿದ್ದಾರೆ? ಅವಳ ಪದವಿಯ ಮೂಲ ಪ್ರಮಾಣಪತ್ರ ಅವಳ ಬಳಿ ಇದೆಯೇ ಅಥವಾ ಆಡಳಿತ ಕಚೇರಿಯ ಕಪಾಟಿನಲ್ಲಿದೆಯೇ? ಈ ಪ್ರಶ್ನೆಗಳನ್ನು ನಾವು ಕೇಳುವುದಿಲ್ಲ. ದುರಂತವೆಂದರೆ, ನಮ್ಮದೇ ಮಗಳು ನರ್ಸಿಂಗ್ ಮುಗಿಸಿ ಅದೇ ಆಸ್ಪತ್ರೆಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತಾಗಲೂ ಕೇಳುವುದಿಲ್ಲ. 'ದೊಡ್ಡ ಆಸ್ಪತ್ರೆ' ಎಂಬ ಎರಡು ಪದಗಳಿಗೇ ನಾವು ತೃಪ್ತರಾಗಿ ಬಿಡುತ್ತೇವೆ.

ಕಳೆದ ಎರಡು ಮೂರು ದಶಕಗಳಲ್ಲಿ ಮುಸ್ಲಿಮ್ ಕುಟುಂಬಗಳ ಹೆಣ್ಣು ಮಕ್ಕಳು ನರ್ಸಿಂಗ್, ಫಾರ್ಮಸಿ, ಪ್ರಯೋಗಾಲಯ ತಂತ್ರಜ್ಞಾನ ಮುಂತಾದ ಕ್ಷೇತ್ರಗಳತ್ತ ಹೆಜ್ಜೆ ಇಟ್ಟಿದ್ದಾರೆ. ಇದು ಸ್ವಾಗತಾರ್ಹ ಬೆಳವಣಿಗೆ. ಆದರೆ ಮಗಳನ್ನು ಓದಿಸಲು ಸಾಲ ಮಾಡಿದ ಕುಟುಂಬ, ಅವಳನ್ನು ಕೆಲಸಕ್ಕೆ ಕಳುಹಿಸುವಾಗ ಉದ್ಯೋಗದಾತನನ್ನು ಅಳೆದು ನೋಡುವುದನ್ನು ಕಲಿಯದಿದ್ದರೆ ಆ ಓದಿನ ಫಲವನ್ನು ಉಣ್ಣುವವರು ಬೇರೆಯೇ ಆಗಿರುತ್ತಾರೆ.

ಅಳೆಯುವುದು ಹೇಗೆ? ಇಂದು ಅನೇಕ ಆಸ್ಪತ್ರೆಗಳ ಸ್ವಾಗತ ಕಕ್ಷೆಯಲ್ಲಿ 'ಅತ್ಯುತ್ತಮ ಉದ್ಯೋಗದಾತ' ಎಂಬ ಅರ್ಥದ ಫಲಕಗಳು ಹೊಳೆಯುತ್ತಿವೆ. ಇಂಥ ಪ್ರಮಾಣಪತ್ರಗಳಲ್ಲಿ ಹಲವನ್ನು ಪಡೆಯಲು ಸಂಸ್ಥೆಯೇ ಅರ್ಜಿ ಹಾಕಬೇಕು, ಸಂಸ್ಥೆಯೇ ಶುಲ್ಕ ಭರಿಸಬೇಕು. ವಧುವಿನ ಗುಣಗಾನವನ್ನು ವಧುವಿನ ತಂದೆಯಿಂದಲೇ ಕೇಳಿದಂತೆ! ಅವುಗಳಲ್ಲಿ ನೌಕರರ ಅಭಿಪ್ರಾಯಕ್ಕೂ ಒಂದಿಷ್ಟು ಸ್ಥಾನವಿರುವುದು ನಿಜ. ಆದರೆ ಸಂಬಳದ ಪಟ್ಟಿ ಆ ಫಲಕದ ಮೇಲೆ ಇರುವುದಿಲ್ಲ. ರಾತ್ರಿ ಪಾಳಿಯ ಲೆಕ್ಕವೂ ಇರುವುದಿಲ್ಲ. ಫಲಕವನ್ನು ನೋಡಿ ಉದ್ಯೋಗ ಆರಿಸುವುದೂ ಒಂದೇ, ಹೊದಿಕೆ ನೋಡಿ ಮದ್ದು ನುಂಗುವುದೂ ಒಂದೇ.

ವಾಸ್ತವದಲ್ಲಿ, ಅಳತೆಗೋಲನ್ನು ಹೊಸದಾಗಿ ಹುಡುಕಬೇಕಿಲ್ಲ. ಈ ದೇಶದ ಅತ್ಯುಚ್ಚ ನ್ಯಾಯಾಲಯದ ನಿರ್ದೇಶನದಿಂದಲೇ ಅದು ಸಿದ್ಧವಾಗಿದೆ. ಖಾಸಗಿ ಆಸ್ಪತ್ರೆಗಳ ದಾದಿಯರ ದುಃಸ್ಥಿತಿಯ ಬಗ್ಗೆ ಭಾರತೀಯ ತರಬೇತಿ ಹೊಂದಿದ ದಾದಿಯರ ಸಂಘವು 2011ರಲ್ಲಿ ಸುಪ್ರೀಮ್ ಕೋರ್ಟಿನ ಮೊರೆ ಹೋಗಿತ್ತು. 2016ರ ಜನವರಿ 29ರಂದು ಕೋರ್ಟು ಈ ಬಗ್ಗೆ ಸಮಿತಿ ರಚಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಆ ಸಮಿತಿಯ ಶಿಫಾರಸುಗಳು ಎಳೆಯ ಮಕ್ಕಳಿಗೂ ಅರ್ಥವಾಗುವಷ್ಟು ಸರಳ. 200ಕ್ಕಿಂತ ಹೆಚ್ಚು ಹಾಸಿಗೆಗಳಿರುವ ಆಸ್ಪತ್ರೆಯು ರಾಜ್ಯ ಸರಕಾರದ ದಾದಿಗೆ ಸಿಗುವಷ್ಟೇ ಸಂಬಳ ಕೊಡಬೇಕು. 100ಕ್ಕಿಂತ ಹೆಚ್ಚು ಹಾಸಿಗೆಗಳಿದ್ದರೆ ಅದಕ್ಕಿಂತ ಶೇ. 10ಕ್ಕಿಂತ ಹೆಚ್ಚು ಕಡಿಮೆ ಮಾಡುವಂತಿಲ್ಲ. 50ರಿಂದ 100 ಹಾಸಿಗೆಗಳಿದ್ದರೆ ಶೇ. 25ಕ್ಕಿಂತ ಹೆಚ್ಚು ಕಡಿತವಿಲ್ಲ. 50ಕ್ಕಿಂತ ಕಡಿಮೆ ಹಾಸಿಗೆಗಳ ಪುಟ್ಟ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕೆಳಗಿಳಿಯುವಂತಿಲ್ಲ. ರಜೆ, ಕೆಲಸದ ಅವಧಿ, ವೈದ್ಯಕೀಯ ಸೌಲಭ್ಯ, ಸಾರಿಗೆ, ವಸತಿ ಎಲ್ಲವೂ ಸರಕಾರಿ ದಾದಿಯರಿಗೆ ಸಮನಾಗಿರಬೇಕು.

ಈ ಶಿಫಾರಸುಗಳನ್ನು ಕೇಂದ್ರವು ರಾಜ್ಯಗಳಿಗೆ ಕಳುಹಿಸಿ ಕೈ ತೊಳೆದುಕೊಂಡಿತು. ಆರೋಗ್ಯವು ರಾಜ್ಯದ ವಿಷಯ ಎಂಬುದು ಅದರ ನೆಪ. ಶಿಫಾರಸಿಗೂ ಕಾನೂನಿಗೂ ನಡುವಿನ ಈ ಕಂದಕದಲ್ಲಿ ಬಿದ್ದು ಒದ್ದಾಡುತ್ತಿರುವವರು ದಾದಿಯರು. ಕೇರಳವು ಆ ಕಂದಕಕ್ಕೆ ಸೇತುವೆ ಕಟ್ಟಲು ಯತ್ನಿಸಿತು. ಅದೂ ಸರಕಾರದ ಔದಾರ್ಯದಿಂದಲ್ಲ. 2011ರಿಂದೀಚೆಗೆ ಅಲ್ಲಿನ ಖಾಸಗಿ ಆಸ್ಪತ್ರೆಗಳ ದಾದಿಯರು ಸಂಘಟಿತರಾದರು, ಮುಷ್ಕರ ಹೂಡಿದರು. 2017ರ ಜುಲೈಯಲ್ಲಿ ಅವರ ಹೋರಾಟಕ್ಕೆ ಸರಕಾರ ಮಣಿಯಿತು. 2018ರ ಏಪ್ರಿಲ್‌ನಲ್ಲಿ ಕನಿಷ್ಠ ಮೂಲ ವೇತನವನ್ನು 20,000 ರೂಪಾಯಿಗೆ ನಿಗದಿಪಡಿಸಿ ಅಧಿಸೂಚನೆ ಹೊರಬಿತ್ತು. ಹಕ್ಕನ್ನು ಯಾರೂ ತಟ್ಟೆಯಲ್ಲಿಟ್ಟು ಕೊಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ?

ಆದ್ದರಿಂದ ಉದ್ಯೋಗದಾತನ ಮುಂದಿಡಬೇಕಾದ ಮೊದಲ ಪ್ರಶ್ನೆ ಇದು: ನಿಮ್ಮಲ್ಲಿ ಎಷ್ಟು ಹಾಸಿಗೆಗಳಿವೆ? ನೀವು ಕೊಡುವ ಸಂಬಳ ಆ ಹಾಸಿಗೆಗಳ ಲೆಕ್ಕಕ್ಕೆ ಸರಿಹೊಂದುತ್ತದೆಯೇ?

ಎರಡನೆಯ ಪ್ರಶ್ನೆ ಬಾಂಡ್‌ನದ್ದು. ಸೇರುವಾಗ ಎರಡು ವರ್ಷ, ಮೂರು ವರ್ಷ ಎಂದು ಬರೆಸಿಕೊಳ್ಳುವುದು, ಮೂಲ ಪ್ರಮಾಣಪತ್ರಗಳನ್ನು ಒತ್ತೆ ಇಟ್ಟುಕೊಳ್ಳುವುದು, ಅವಧಿಗೆ ಮುನ್ನ ಹೊರಟರೆ ದಂಡ ಕಟ್ಟಿಸುವುದು, ಅನುಭವ ಪತ್ರ ಕೊಡದೆ ಸತಾಯಿಸುವುದು. 2011ರ ಆಸುಪಾಸಿನಲ್ಲಿ ದೇಶದ ಹಲವೆಡೆ ನಡೆದ ದಾದಿಯರ ಮುಷ್ಕರಗಳ ಹಿಂದೆ ಸಂಬಳದಷ್ಟೇ ದೊಡ್ಡ ಕಾರಣವಾಗಿದ್ದದ್ದು ಇವೇ. ವಿದೇಶಕ್ಕೆ ಹೋಗಬೇಕಾದರೆ ಅನುಭವ ಪತ್ರ ಬೇಕು ಎಂಬ ಆಕೆಯ ಅಗತ್ಯವೇ ಆಡಳಿತ ಮಂಡಳಿಯ ಕೈಯಲ್ಲಿ ಹಗ್ಗವಾಗುತ್ತದೆ. ಸ್ವಲ್ಪ ಯೋಚಿಸಿ. ಬ್ಯಾಂಕಿನಿಂದ ಸಾಲ ಪಡೆದವನು ಒತ್ತೆ ಇಡುತ್ತಾನೆ. ಇಲ್ಲಿ ಸಾಲ ಪಡೆದವರು ಯಾರು? ದುಡಿಮೆಯನ್ನು ಮೊದಲು ಕೊಟ್ಟು ಸಂಬಳಕ್ಕಾಗಿ ತಿಂಗಳ ಕೊನೆಯವರೆಗೆ ಕಾಯುವವಳು ದಾದಿ. ನಿಜವಾಗಿ ಸಾಲಗಾರ ಆಸ್ಪತ್ರೆಯೇ. ಹಾಗಿರುವಾಗ ಒತ್ತೆ ಇಡಬೇಕಾದವರು ಯಾರು?

ಮೂರನೆಯ ಪ್ರಶ್ನೆ ರೋಗಿಯದ್ದೂ ಹೌದು, ದಾದಿಯದ್ದೂ ಹೌದು. ಒಬ್ಬ ದಾದಿಗೆ ಎಷ್ಟು ರೋಗಿಗಳು? ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬ ದಾದಿ, ಇತರ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೆ ಒಬ್ಬ ದಾದಿ, ತೀವ್ರ ನಿಗಾ ಘಟಕದಲ್ಲಿ ಒಬ್ಬ ರೋಗಿಗೆ ಒಬ್ಬ ದಾದಿ ಇರಬೇಕು. ನಿಮ್ಮೂರಿನ ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿ ಪಾಳಿಯಲ್ಲಿ ಎಷ್ಟಿದೆ ಎಂಬುದನ್ನು ರೋಗಿಯೊಂದಿಗೆ ಉಳಿದುಕೊಂಡ ಯಾರಾದರೂ ಬೆರಳೆಣಿಸಿ ಹೇಳಬಲ್ಲರು. ಇದು ಬರೇ ಅನುಕೂಲದ ಪ್ರಶ್ನೆಯಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಲಿಂಡಾ ಐಕೆನ್ ಮತ್ತು ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವು, ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಶಸ್ತ್ರಚಿಕಿತ್ಸೆಗೊಳಗಾದವರು 30 ದಿನಗಳೊಳಗೆ ಸಾಯುವ ಸಂಭವ ಶೇ. 7ರಷ್ಟು ಏರುವುದನ್ನು ತೋರಿಸಿತು. ಕ್ಯಾಲಿಫೋರ್ನಿಯಾ ರಾಜ್ಯವಂತೂ 1999ರಲ್ಲೇ ಕಾನೂನು ಮಾಡಿ 2004ರಿಂದ ದಾದಿ ಮತ್ತು ರೋಗಿಗಳ ಅನುಪಾತವನ್ನು ಕಡ್ಡಾಯಗೊಳಿಸಿತು. ಅಂದರೆ, ದಾದಿಯರ ಸಂಖ್ಯೆಯಲ್ಲಿ ಜಿಪುಣತನ ತೋರುವ ಆಸ್ಪತ್ರೆ ತನ್ನ ನೌಕರರನ್ನು ಮಾತ್ರ ಶೋಷಿಸುವುದಲ್ಲ, ನಿಮ್ಮ ತಂದೆಯ ಪ್ರಾಣದ ಜೊತೆಗೂ ಚೌಕಾಸಿ ಮಾಡುತ್ತದೆ. ಕೆಟ್ಟ ಉದ್ಯೋಗದಾತ ಒಳ್ಳೆಯ ಆಸ್ಪತ್ರೆಯಾಗಲಾರ.

ಇನ್ನು ದೊಡ್ಡ ಕಂಪೆನಿಗಳ ವಿಷಯಕ್ಕೆ ಬರೋಣ. ಆಸ್ಪತ್ರೆ ಎಂಬುದು ಈಗ ಶೇರು ಮಾರುಕಟ್ಟೆಯ ಸರಕು. ಫೋರ್ಟಿಸ್‌ನ ನಿಯಂತ್ರಣವು 2018ರಲ್ಲಿ ಮಲೇಶ್ಯದ ಐಎಚ್‌ಎಚ್ ಸಂಸ್ಥೆಯ ಕೈ ಸೇರಿತು. ನಮ್ಮದೇ ನೆಲದಲ್ಲಿ ಬೆಳೆದ ಮಣಿಪಾಲ ಆಸ್ಪತ್ರೆಗಳ ಬಹುಪಾಲು ಶೇರುಗಳನ್ನು 2023ರಲ್ಲಿ ಸಿಂಗಾಪುರದ ಟೆಮಾಸೆಕ್ ತನ್ನದಾಗಿಸಿಕೊಂಡಿತು. ಹೂಡಿಕೆದಾರ ಬರುವುದು ಲಾಭಕ್ಕಾಗಿ. ಅದನ್ನು ಅವನು ಮುಚ್ಚಿಡುವುದೂ ಇಲ್ಲ. ಶೇರು ಮಾರುಕಟ್ಟೆಯಲ್ಲಿರುವ ಆಸ್ಪತ್ರೆ ಕಂಪೆನಿಗಳು ಮೂರು ತಿಂಗಳಿಗೊಮ್ಮೆ, ತುಂಬಿದ ಪ್ರತಿ ಹಾಸಿಗೆಯಿಂದ ದಿನಕ್ಕೆ ಸರಾಸರಿ ಎಷ್ಟು ಆದಾಯ ಬಂತು ಎಂದು ಹೂಡಿಕೆದಾರರಿಗೆ ಹೆಮ್ಮೆಯಿಂದ ಲೆಕ್ಕ ಒಪ್ಪಿಸುತ್ತವೆ. ಒಂದು ಹಾಸಿಗೆ ಎಷ್ಟು ದುಡಿಯಿತೆಂಬ ಲೆಕ್ಕವಿದೆ! ಆ ಹಾಸಿಗೆಯ ಪಕ್ಕದಲ್ಲಿ ನಿಂತವಳು ಎಷ್ಟು ದುಡಿದಳು, ಎಷ್ಟು ಪಡೆದಳು ಎಂಬ ಲೆಕ್ಕವನ್ನು ಅದೇ ಉತ್ಸಾಹದಿಂದ ಒಪ್ಪಿಸುವವರು ಯಾರು?

ಅಂದಹಾಗೆ, ಆ ಲೆಕ್ಕದ ಒಂದು ಭಾಗ ಈಗ ಹೊರಬರುತ್ತಿದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. 2022-23ರ ಆರ್ಥಿಕ ವರ್ಷದಿಂದ ಅಗ್ರ 1000 ಶೇರು ಕಂಪೆನಿಗಳು ವಾರ್ಷಿಕ ವರದಿಯೊಂದಿಗೆ ಹೊಣೆಗಾರಿಕೆಯ ವರದಿಯನ್ನೂ ಪ್ರಕಟಿಸಬೇಕೆಂದು ಸೆಬಿ ಕಡ್ಡಾಯಗೊಳಿಸಿತು. ನೌಕರರಲ್ಲಿ ಖಾಯಂ ಎಷ್ಟು ಮಂದಿ, ಗುತ್ತಿಗೆ ಎಷ್ಟು ಮಂದಿ, ವರ್ಷದಲ್ಲಿ ಕೆಲಸ ಬಿಟ್ಟವರ ಪ್ರಮಾಣವೆಷ್ಟು, ಕನಿಷ್ಠ ವೇತನವನ್ನಷ್ಟೇ ಪಡೆಯುವವರೆಷ್ಟು, ಗಂಡಸರ ಮತ್ತು ಹೆಂಗಸರ ಮಧ್ಯಮ ವೇತನವೆಷ್ಟು, ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿದವರೆಷ್ಟು, ಕಾರ್ಮಿಕ ಸಂಘದ ಸದಸ್ಯರೆಷ್ಟು ಎಂಬುದೆಲ್ಲ ಅದರಲ್ಲಿರಬೇಕು. ಅಪೋಲೋ, ಫೋರ್ಟಿಸ್, ನಾರಾಯಣ ಹೃದಯಾಲಯ, ಮ್ಯಾಕ್ಸ್ ಮುಂತಾದ ಕಂಪೆನಿಗಳನ್ನು ಉದ್ಯೋಗದಾತರಾಗಿ ಹೋಲಿಸಲು ಬಯಸುವವರು ಫಲಕಗಳನ್ನು ಬಿಟ್ಟು ಈ ಪುಟಗಳನ್ನು ತೆರೆಯಲಿ. ಒಂದು ಕಂಪೆನಿಯಿಂದ ಪ್ರತಿ ವರ್ಷ ಮೂವರಲ್ಲಿ ಒಬ್ಬರು ಕೆಲಸ ಬಿಟ್ಟು ಹೋಗುತ್ತಾರೆಂದಾದರೆ ಆ ಒಂದೇ ಸಂಖ್ಯೆ ನೂರು ಜಾಹೀರಾತುಗಳಿಗಿಂತ ಹೆಚ್ಚು ಮಾತಾಡುತ್ತದೆ. ಪಟ್ಟಣದ ಟ್ರಸ್ಟ್ ಆಸ್ಪತ್ರೆಗಳಿಗೆ, ಪಾಲುದಾರಿಕೆಯ ನರ್ಸಿಂಗ್ ಹೋಮ್‌ಗಳಿಗೆ ಈ ನಿಯಮ ಅನ್ವಯಿಸದು. ಅಲ್ಲಿ ಕತ್ತಲೆಯೇ ನಿಯಮ.

ದೊಡ್ಡ ಹೆಸರು ಭದ್ರತೆಯ ಖಾತರಿಯಲ್ಲ ಎಂಬುದನ್ನು ಕರಾವಳಿಯವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಉಡುಪಿ ಮೂಲದ ಬಿ.ಆರ್. ಶೆಟ್ಟಿಯವರು 1975ರಲ್ಲಿ ಅಬುಧಾಬಿಯಲ್ಲಿ ಆರಂಭಿಸಿದ ಎನ್‌ಎಂಸಿ, 2012ರಲ್ಲಿ ಲಂಡನ್ ಶೇರು ಪೇಟೆಯನ್ನು ಪ್ರವೇಶಿಸಿತು. ಅದರ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತೆಂದರೆ ಕೇರಳ, ಕರ್ನಾಟಕದ ಎಷ್ಟೋ ಮನೆಗಳಲ್ಲಿ ಸಂಭ್ರಮ. 2019ರ ಡಿಸೆಂಬರ್‌ನಲ್ಲಿ ಮಡ್ಡಿ ವಾಟರ್ಸ್ ಎಂಬ ಸಂಸ್ಥೆ ಅದರ ಲೆಕ್ಕಪತ್ರಗಳನ್ನು ಪ್ರಶ್ನಿಸಿತು. ಬಳಿಕ 400 ಕೋಟಿ ಡಾಲರಿಗೂ ಹೆಚ್ಚಿನ ಬಹಿರಂಗಪಡಿಸದ ಸಾಲ ಬೆಳಕಿಗೆ ಬಂತು. ತಾನೇ ವಂಚನೆಗೊಳಗಾದವನು ಎಂದರು ಶೆಟ್ಟಿ. 2020ರ ಏಪ್ರಿಲ್‌ನಲ್ಲಿ, ಕೊರೋನಾ ಉಲ್ಬಣಿಸುತ್ತಿದ್ದ ದಿನಗಳಲ್ಲೇ, ಕಂಪೆನಿ ಆಡಳಿತಾಧಿಕಾರಿಗಳ ವಶವಾಯಿತು. 2022ರಲ್ಲಿ ಅದು ಸಾಲಿಗರ ಒಡೆತನಕ್ಕೆ ಹೋಯಿತು. ಅಷ್ಟೂ ಕಾಲ ವಾರ್ಡುಗಳಲ್ಲಿ ದುಡಿಯುತ್ತಿದ್ದ ನೌಕರರಿಗೆ ಮೇಲಿನ ಅಂತಸ್ತಿನ ಲೆಕ್ಕಪುಸ್ತಕದಲ್ಲಿ ಯಾವ ಪಾಲೂ ಇರಲಿಲ್ಲ. ಅದು ಮಗುಚಿದಾಗ ಆತಂಕದಲ್ಲಿ ಮಾತ್ರ ಪಾಲು ಸಿಕ್ಕಿತು.

ಹಾಗಾದರೆ ಸರಕಾರ ಉತ್ತಮ ಉದ್ಯೋಗದಾತನೇ? ಖಾಯಂ ನೌಕರರಿಗೆ ಹೌದು. ಆದರೆ ಅದೇ ಸರಕಾರದ ಆರೋಗ್ಯ ವ್ಯವಸ್ಥೆ ನಿಂತಿರುವುದು ಗುತ್ತಿಗೆಯವರ ಮತ್ತು 'ಗೌರವಧನ'ದವರ ಹೆಗಲ ಮೇಲೆ. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಕುಳಿತದ್ದು ಮಾಸಿಕ 15,000 ರೂಪಾಯಿಗಾಗಿ. ಅವರಿಗೆ ದೊರೆತದ್ದು 10,000ದ ಭರವಸೆ. ಮನೆ ಮನೆ ಸುತ್ತಿ ಬಾಣಂತಿಯರನ್ನು, ಶಿಶುಗಳನ್ನು ಉಳಿಸುವವಳನ್ನು 'ನೌಕರಳು' ಎಂದು ಕರೆಯಲೂ ಸಿದ್ಧವಿಲ್ಲದ ಸರಕಾರಕ್ಕೆ ಖಾಸಗಿಯವರಿಗೆ ಬುದ್ಧಿ ಹೇಳುವ ನೈತಿಕ ಧೈರ್ಯ ಬರುವುದಾದರೂ ಎಲ್ಲಿಂದ?

ಆಡಳಿತ ಮಂಡಳಿಗಳ ಸಮರ್ಥನೆ ಎಲ್ಲರಿಗೂ ಗೊತ್ತಿರುವುದೇ. ಸಂಬಳ ಏರಿಸಿದರೆ ಬಿಲ್ಲು ಏರಿಸಬೇಕಾಗುತ್ತದೆ, ಬಡ ರೋಗಿಗೆ ಹೊರೆಯಾಗುತ್ತದೆ, ಸಣ್ಣ ಆಸ್ಪತ್ರೆಗಳು ಬಾಗಿಲು ಹಾಕುತ್ತವೆ ಎಂದು. ಸಣ್ಣ ಆಸ್ಪತ್ರೆಗಳ ಕಷ್ಟ ಸುಳ್ಳಲ್ಲ. ಆದ್ದರಿಂದಲೇ ಸಮಿತಿಯು ಹಾಸಿಗೆಗಳ ಸಂಖ್ಯೆಗೆ ತಕ್ಕಂತೆ ರಿಯಾಯಿತಿ ಕೊಟ್ಟಿದೆ. ಆದರೆ ಹೊಸ ಸ್ಕ್ಯಾನಿಂಗ್ ಯಂತ್ರ ಕೊಳ್ಳುವಾಗ, ಸ್ವಾಗತ ಕಕ್ಷೆಗೆ ಅಮೃತಶಿಲೆ ಹಾಸುವಾಗ, ಹೆದ್ದಾರಿಯುದ್ದಕ್ಕೂ ಜಾಹೀರಾತು ಫಲಕ ನಿಲ್ಲಿಸುವಾಗ ಈ ಬಡ ರೋಗಿಯ ನೆನಪು ಏಕೆ ಬರುವುದಿಲ್ಲ? ದಾದಿ ಸಂಬಳ ಕೇಳಿದಾಗ ಮಾತ್ರ ಬಡ ರೋಗಿ ನೆನಪಾಗುವುದೇಕೆ? ಇನ್ನು, 'ಇಷ್ಟವಿಲ್ಲದಿದ್ದರೆ ಬಿಟ್ಟು ಹೋಗಲಿ' ಎನ್ನುವವರಿದ್ದಾರೆ. ಅವರು ಹೋಗುತ್ತಾರೆ. 2020ರ ಮೇ ತಿಂಗಳಲ್ಲಿ ಕೋಲ್ಕತಾದ ಖಾಸಗಿ ಆಸ್ಪತ್ರೆಗಳಿಂದ 300ಕ್ಕೂ ಹೆಚ್ಚು ದಾದಿಯರು ತಮ್ಮ ಊರುಗಳಿಗೆ ಮರಳಿದರು. ಅವರಲ್ಲಿ ಹೆಚ್ಚಿನವರು ಮಣಿಪುರದವರು. ಚಪ್ಪಾಳೆ ತಟ್ಟಿ, ದೀಪ ಹಚ್ಚಿ ಗೌರವಿಸಿದ ದೇಶಕ್ಕೆ ಅವರನ್ನು ಉಳಿಸಿಕೊಳ್ಳಲಾಗಲಿಲ್ಲ. ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆಯಲ್ಲಿ ದಾದಿಯ ವೇತನ ಶ್ರೇಣಿಯನ್ನು ಯಾರು ಬೇಕಾದರೂ ಓದಬಹುದು. ಯಾವ ವರ್ಷ ಎಷ್ಟು ಸಿಗುತ್ತದೆಂದು ಸೇರುವ ಮೊದಲೇ ತಿಳಿಯುತ್ತದೆ. ಅಲ್ಲೂ ಎಲ್ಲವೂ ಸುಖವಾಗಿಲ್ಲ. 2022ರ ಡಿಸೆಂಬರ್‌ನಲ್ಲಿ ಅಲ್ಲಿನ ದಾದಿಯರು ಬೃಹತ್ ಮುಷ್ಕರ ಹೂಡಿದ್ದರು. ಆದರೆ ಸಂಬಳ ಗುಟ್ಟಿನ ವಿಷಯವಲ್ಲದ ಕಡೆ ಅನ್ಯಾಯದ ವಿರುದ್ಧ ಮಾತಾಡುವುದಾದರೂ ಸಾಧ್ಯ.

ಕೊನೆಯದಾಗಿ, ಅತ್ಯಂತ ಕಹಿಯಾದ ಮಾತು. ನಮ್ಮ ಸಮುದಾಯದವರೇ ನಡೆಸುವ ಆಸ್ಪತ್ರೆಗಳಿವೆ, ನರ್ಸಿಂಗ್ ಕಾಲೇಜುಗಳಿವೆ, ಟ್ರಸ್ಟ್‌ಗಳ ಚಿಕಿತ್ಸಾಲಯಗಳಿವೆ. ಅವುಗಳ ಸೇವೆಯನ್ನು ಕಡೆಗಣಿಸುವುದು ಸಲ್ಲದು. ಆದರೆ 'ಇದು ಸೇವಾ ಸಂಸ್ಥೆ, ಇಲ್ಲಿ ಸಂಬಳದ ಮಾತು ಬೇಡ' ಎಂದು ದಾದಿಯ, ಆಯಾಳ, ಸ್ವಚ್ಛತಾ ಕಾರ್ಮಿಕನ ಬಾಯಿ ಮುಚ್ಚಿಸುವುದು ಎಂಥ ಸೇವೆ? ಬಡ ರೋಗಿಗೆ ಬಿಲ್ಲಿನಲ್ಲಿ ಸಾವಿರ ರೂಪಾಯಿ ಬಿಟ್ಟುಕೊಟ್ಟು ಅದನ್ನು ಬಡ ನೌಕರಳ ಸಂಬಳದಿಂದ ತುಂಬಿಸಿಕೊಂಡರೆ ದಾನ ಮಾಡಿದವರು ಯಾರು? ದಾನ ಮಾಡಿದ್ದು ಆ ನೌಕರಳು. ಅಮೃತಶಿಲೆಯಲ್ಲಿ ಕೆತ್ತಿದ ದಾನಿಗಳ ಪಟ್ಟಿಯಲ್ಲಿ ಮೊದಲು ಇರಬೇಕಾದದ್ದು ಅವಳ ಹೆಸರು. ದುಡಿದವರ ಕೂಲಿಯ ಬಗ್ಗೆ ನಮ್ಮ ಧರ್ಮದ ನಿಲುವೇನೆಂದು ಟ್ರಸ್ಟಿಗಳಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಅವರು ಅದನ್ನು ವೇದಿಕೆಗಳಲ್ಲಿ ನಮಗೇ ಕಲಿಸುತ್ತಾರೆ.

ಇಲ್ಲೊಂದು ಕಾನೂನಿನ ಅಪಾಯವೂ ಇದೆ. ಬೆಂಗಳೂರು ನೀರು ಸರಬರಾಜು ಮಂಡಳಿಯ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು 1978ರಲ್ಲಿ ನೀಡಿದ ತೀರ್ಪು ಆಸ್ಪತ್ರೆಗಳನ್ನೂ 'ಉದ್ಯಮ'ದ ವ್ಯಾಖ್ಯೆಯೊಳಗೆ ತಂದು ನೌಕರರಿಗೆ ರಕ್ಷಣೆ ನೀಡಿತ್ತು. ಆದರೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು, ಬಹುಪಾಲು ದಾನಧರ್ಮ ಅಥವಾ ಸಮಾಜ ಸೇವೆಯಲ್ಲಿ ತೊಡಗಿದ ಸಂಘಟನೆಗಳು ನಡೆಸುವ ಸಂಸ್ಥೆಗಳನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅಂದರೆ 'ಸೇವೆ' ಎಂಬ ಫಲಕ ಇನ್ನು ಮುಂದೆ ಕಾನೂನಿನಿಂದ ತಪ್ಪಿಸಿಕೊಳ್ಳುವ ಬಾಗಿಲೂ ಆಗಬಹುದು. ಅಂಥ ಸಂಸ್ಥೆಗಳ ನೌಕರರಿಗೆ ಕಾನೂನಿನ ಆಸರೆ ಕಡಿಮೆಯಾದಷ್ಟೂ ಸಮುದಾಯದ ನಿಗಾ ಹೆಚ್ಚಬೇಕು. ವರ್ಷಕ್ಕೊಮ್ಮೆ ಟ್ರಸ್ಟಿನ ಸಭೆಯಲ್ಲಿ ಕಟ್ಟಡದ ಲೆಕ್ಕ ಕೇಳುವ ನಾವು ಸಂಬಳದ ಲೆಕ್ಕವನ್ನೂ ಕೇಳಬೇಕು.

ಮಗಳಿಗೆ ಕೆಲಸ ಹುಡುಕುವ ಹೆತ್ತವರು ಸ್ಕಾರ್ಫ್‌ಗೆ ಅವಕಾಶವಿದೆಯೇ, ರಾತ್ರಿ ಪಾಳಿಗೆ ವಾಹನವಿದೆಯೇ ಎಂದು ಕೇಳುವುದುಂಟು. ಕೇಳಲೇಬೇಕು. ಅದು ಅವಳ ಹಕ್ಕು. ಆದರೆ ಅಲ್ಲಿಗೇ ನಿಲ್ಲಬಾರದು. ಸ್ಕಾರ್ಫ್‌ಗೆ ಅನುಮತಿ ಕೊಟ್ಟು ಅರ್ಧ ಸಂಬಳ ಕೊಡುವವನು ಉಪಕಾರಿಯಲ್ಲ, ಒಂದು ಹಕ್ಕನ್ನು ತೋರಿಸಿ ಇನ್ನೊಂದನ್ನು ಕಿತ್ತುಕೊಳ್ಳುವವನು. ನೇಮಕಾತಿ ಪತ್ರ ಕೇಳಿ. ಹೊಸ ಸಂಹಿತೆಗಳು ಅದನ್ನು ಕಡ್ಡಾಯಗೊಳಿಸಿವೆ. ಪಿಎಫ್, ಇಎಸ್‌ಐ ಕೇಳಿ. ನಿಗದಿತ ಅವಧಿಯ ನೇಮಕವಾದರೆ ಒಂದು ವರ್ಷದ ಸೇವೆಗೂ ಗ್ರಾಚ್ಯುಟಿ ಇದೆ, ಅದನ್ನು ಕೇಳಿ. 26 ವಾರಗಳ ಹೆರಿಗೆ ರಜೆ ಕೇಳಿ. ಬಾಂಡ್ ಓದದೆ ಸಹಿ ಹಾಕಬೇಡಿ, ಮೂಲ ಪ್ರಮಾಣಪತ್ರವನ್ನು ಯಾರಿಗೂ ಒಪ್ಪಿಸಬೇಡಿ. ಆ ಆಸ್ಪತ್ರೆಯಲ್ಲಿ ಈಗಾಗಲೇ ದುಡಿಯುತ್ತಿರುವ ಇಬ್ಬರನ್ನು, ಬಿಟ್ಟು ಹೋದ ಇಬ್ಬರನ್ನು ಮಾತಾಡಿಸಿ. ಮದುವೆ ಸಂಬಂಧ ಬಂದಾಗ ಹತ್ತು ಕಡೆ ವಿಚಾರಿಸುವ ನಾವು ಕೆಲಸದ ವಿಷಯದಲ್ಲಿ ಒಂದು ಕಡೆಯೂ ವಿಚಾರಿಸದಿರುವುದು ಯಾವ ನ್ಯಾಯ?

ರಾಜ್ಯ ಸರಕಾರವೂ ಈ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. 2017ರ ನವೆಂಬರ್‌ನಲ್ಲಿ ಖಾಸಗಿ ಆಸ್ಪತ್ರೆಗಳ ಕಾಯ್ದೆಯ ತಿದ್ದುಪಡಿಯನ್ನು ವಿರೋಧಿಸಿ ವೈದ್ಯರು ಮುಷ್ಕರ ಹೂಡಿದಾಗ ರಾಜ್ಯವೇ ಬಿಸಿ ಬಿಸಿ ಚರ್ಚೆಯಲ್ಲಿ ಮುಳುಗಿತ್ತು. ಚರ್ಚೆಯ ಕೇಂದ್ರದಲ್ಲಿ ಚಿಕಿತ್ಸೆಯ ದರವಿತ್ತು, ವೈದ್ಯರಿಗೆ ವಿಧಿಸಬಹುದಾದ ಶಿಕ್ಷೆಯಿತ್ತು. ದಾದಿಯ ಸಂಬಳ ಇರಲಿಲ್ಲ. ಹಾಸಿಗೆಗಳ ಸಂಖ್ಯೆಗೆ ತಕ್ಕ ವೇತನ ಮತ್ತು ದಾದಿ-ರೋಗಿ ಅನುಪಾತವನ್ನು ಆಸ್ಪತ್ರೆಗಳ ನೋಂದಣಿಗೆ ಶರತ್ತಾಗಿಸಲಿ. ಚಿಕಿತ್ಸಾ ದರದ ಫಲಕದಂತೆಯೇ ಈ ಎರಡರ ಫಲಕವನ್ನೂ ಪ್ರತಿ ಆಸ್ಪತ್ರೆಯ ಬಾಗಿಲಲ್ಲಿ ತೂಗುಹಾಕಲಿ. ಆಗ ಯಾವುದು ಒಳ್ಳೆಯ ಉದ್ಯೋಗದಾತ ಸಂಸ್ಥೆ ಎಂದು ಹೇಳಲು ಪ್ರಶಸ್ತಿಗಳು ಬೇಕಾಗುವುದಿಲ್ಲ. ಅಕ್ಷರ ಬಲ್ಲ ಯಾರೂ ಬಾಗಿಲಲ್ಲೇ ಓದಿಕೊಂಡಾರು.